ಲೈನ್ ಮನೆಯೂ ಲೆಕ್ಕಕ್ಕೆ ಬರಲಿ: ನಿಮ್ಮ ಪಂಚಾಯಿತಿಯ ಆರೋಗ್ಯ, ಸಂಪಾದನೆ ಅಳೆಯುವ ಬಗೆ

ಕೊಡಗಿನ ಅಂಕಿಅಂಶ ಓದಿದವರಿಗೆ ಇಲ್ಲಿ ಎಲ್ಲ ಚೆನ್ನಾಗಿದೆ ಅನ್ನಿಸುತ್ತದೆ. 2005ರ ರಾಜ್ಯ ಮಾನವ ಅಭಿವೃದ್ಧಿ ವರದಿಯಲ್ಲಿ ಬೆಂಗಳೂರು ನಗರ, ದಕ್ಷಿಣ ಕನ್ನಡ, ಉಡುಪಿ ಬಿಟ್ಟರೆ ಮುಂದಿನ ಜಾಗ ನಮ್ಮದೇ ಇತ್ತು. 2011ರ ಜನಗಣತಿಯಲ್ಲಿ ಸಾಕ್ಷರತೆ ಶೇ 82 ದಾಟಿತ್ತು. ಸಾವಿರ ಗಂಡಸರಿಗೆ 1,019 ಹೆಂಗಸರಿದ್ದರು. ಒಳ್ಳೆಯ ಸುದ್ದಿಯೇ, ನಿಜ.

ಆದರೆ ಸಿದ್ದಾಪುರದ ಕಡೆಯಲ್ಲೋ ಪೊನ್ನಂಪೇಟೆಯ ಕಡೆಯಲ್ಲೋ ಒಂದು ದೊಡ್ಡ ತೋಟದ ಗೇಟು ದಾಟಿ ಹತ್ತು ನಿಮಿಷ ಒಳಗೆ ನಡೆಯಿರಿ. ತೋಟದ ಕೂಲಿ ಕಾರ್ಮಿಕರು ಇರುವ, ಸಾಲಾಗಿ ಕಟ್ಟಿದ ಹಳೇ ಹೆಂಚಿನ ಲೈನ್ ಮನೆ ಸಿಗುತ್ತದೆ. ಐದಾರು ಸಂಸಾರಕ್ಕೆ ಒಂದು ನಲ್ಲಿ, ಒಂದೆರಡು ಶೌಚಾಲಯ. ಅಲ್ಲಿರುವ ಮಗುವೂ ತೋಟದ ಯಜಮಾನರ ಮಗುವೂ ಜಿಲ್ಲೆಯ ಸರಾಸರಿಯಲ್ಲಿ ಒಂದೇ ಅಂಕಿಯೊಳಗೆ ಸೇರಿಹೋಗುತ್ತಾರೆ. ಈ ಎರಡು ಮಕ್ಕಳ ನಡುವಿನ ಅಂತರ ತೋರಿಸದ ಅಳತೆ ಪಂಚಾಯಿತಿಗೆ ಯಾವ ಉಪಯೋಗಕ್ಕೂ ಬರುವುದಿಲ್ಲ. ಎಲ್ಲಿ ನಲ್ಲಿ ಹಾಕಬೇಕು, ಯಾವ ದಾರಿ ಮೊದಲು ಸರಿ ಮಾಡಬೇಕು ಅಂತ ಅದು ಹೇಳುವುದೇ ಇಲ್ಲ ಅಲ್ವಾ?

ಹಾಗಾಗಿ ಈ ಲೇಖನ. ನೀವು ಪಂಚಾಯಿತಿ ಸದಸ್ಯರೋ, ಶಿಕ್ಷಕರೋ, ಸ್ವಸಹಾಯ ಸಂಘದವರೋ, ಕಾಲೇಜು ಹುಡುಗ ಹುಡುಗಿಯರೋ ಆಗಿದ್ದರೆ ನಿಮ್ಮ ಊರನ್ನು ನೀವೇ ಅಳೆಯಬಹುದು. ಐದಾರು ಜನ, ಒಂದು ನೋಟ್‌ಬುಕ್ಕು, ಮೂರು ನಾಲ್ಕು ವಾರ ಸಾಕು.

ಜಗತ್ತು ಹೇಗೆ ಅಳೆಯುತ್ತಿದೆ, ಅದರಲ್ಲಿ ನಮಗೆ ಯಾವುದು ಬೇಕು

ಮೊದಲು ಇದನ್ನು ತಿಳಿದುಕೊಂಡರೆ ಮುಂದೆ ಸಮಯ ಉಳಿಯುತ್ತದೆ.

ಮಾನವ ಅಭಿವೃದ್ಧಿ ಸೂಚ್ಯಂಕ 1990ರಲ್ಲಿ ಬಂತು. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದಲ್ಲಿದ್ದ ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮೆಹಬೂಬ್ ಉಲ್ ಹಕ್ ಇದನ್ನು ತಂದವರು. ಅಮರ್ತ್ಯ ಸೇನ್ ಜೊತೆಗಿದ್ದರು. ದೇಶ ಎಷ್ಟು ದುಡಿಯಿತು ಅನ್ನುವುದೊಂದೇ ಸಾಲದು, ಜನ ಎಷ್ಟು ವರ್ಷ ಬದುಕಿದರು, ಎಷ್ಟು ಓದಿದರು ಅನ್ನುವುದನ್ನೂ ಕೂಡಿಸಬೇಕು ಅನ್ನುವುದು ಅವರ ವಾದ. ಆಯಸ್ಸು, ಓದು, ಆದಾಯ ಮೂರನ್ನೂ ಸೊನ್ನೆಯಿಂದ ಒಂದರೊಳಗೆ ತರುತ್ತಾರೆ. ಆಯಸ್ಸಿಗೆ 20 ವರ್ಷ ಅಂದರೆ ಸೊನ್ನೆ, 85 ಅಂದರೆ ಒಂದು. ದೇಶಗಳನ್ನು ಹೋಲಿಸಲು ಇದು ಚೆನ್ನಾದ ಸಾಧನ. ಬ್ರೆಜಿಲ್ ದೇಶ ಇದನ್ನೇ ಊರಿನ ಮಟ್ಟಕ್ಕೆ ಇಳಿಸಿತು. 2013ರಲ್ಲಿ ತನ್ನ 5,565 ಪುರಸಭೆಗಳಿಗೂ ಬೇರೆ ಬೇರೆ ಸೂಚ್ಯಂಕ ಪ್ರಕಟಿಸಿತು.

ನಮ್ಮ ಪಂಚಾಯಿತಿಗೆ ಇದನ್ನು ಹಾಗೇ ಹಾಕಲು ಹೋಗಬೇಡಿ. ಐದು ಸಾವಿರ ಜನರ ಊರಿನಲ್ಲಿ ವರ್ಷಕ್ಕೆ ಸಾಯುವವರು ಮೂವತ್ತು, ನಲವತ್ತು ಮಂದಿ. ಅಷ್ಟರಲ್ಲಿ ಸರಾಸರಿ ಆಯಸ್ಸು ಲೆಕ್ಕ ಹಾಕಿದರೆ ಅದು ಒಂದು ವರ್ಷ ಏರುತ್ತದೆ, ಮುಂದಿನ ವರ್ಷ ಇಳಿಯುತ್ತದೆ. ಊರಿನಲ್ಲಿ ಏನೂ ಬದಲಾಗಿರುವುದಿಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೆಸರು ನೀವು ಕೇಳಿರುತ್ತೀರಿ. 2019–21ರ ಐದನೇ ಸುತ್ತಿನಲ್ಲಿ ದೇಶದ 707 ಜಿಲ್ಲೆಗಳಲ್ಲಿ ಸುಮಾರು 6.37 ಲಕ್ಷ ಮನೆಗಳಿಗೆ ಹೋಗಿದ್ದರು. ಕೇಳಲು ದೊಡ್ಡ ಸಂಖ್ಯೆ. ಭಾಗಿಸಿ ನೋಡಿ, ಜಿಲ್ಲೆಗೆ ಸರಾಸರಿ 900 ಮನೆ. ಕೊಡಗಿನಲ್ಲಿರುವ ನೂರರ ಆಸುಪಾಸು ಪಂಚಾಯಿತಿಗಳಿಗೆ ಹಂಚಿದರೆ ಪಂಚಾಯಿತಿಗೆ ಒಂಬತ್ತು ಮನೆ. ಒಂಬತ್ತು ಮನೆ ನೋಡಿ ನಿಮ್ಮ ಊರಿನ ಬಗ್ಗೆ ಏನು ಹೇಳಲು ಸಾಧ್ಯ? ಜಿಲ್ಲೆಯ ಮಟ್ಟಿಗೆ ಅದು ಗಟ್ಟಿ ಸಮೀಕ್ಷೆ. ಅದಕ್ಕಿಂತ ಕೆಳಗೆ ಅದನ್ನು ಎಳೆಯಬಾರದು.

ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಆರೋಗ್ಯ ಮಾಪನ ಸಂಸ್ಥೆಯೊಂದು ಬಡ ಮತ್ತು ಮಧ್ಯಮ ಆದಾಯದ ದೇಶಗಳನ್ನು 5 ಕಿ.ಮೀ. ಉದ್ದ, 5 ಕಿ.ಮೀ. ಅಗಲದ ಚೌಕಗಳಾಗಿ ಮಾಡಿ ಮಕ್ಕಳ ಬೆಳವಣಿಗೆಯ ನಕ್ಷೆ ತಯಾರಿಸಿದೆ. ಕೊಡಗಿನ 4,102 ಚದರ ಕಿ.ಮೀ.ಗೆ ಅಂಥ ಚೌಕ ನೂರ ಅರವತ್ತರ ಮೇಲೆ ಬರುತ್ತವೆ. ಆದರೆ ಸಮೀಕ್ಷೆ ತಲುಪದ ಚೌಕಕ್ಕೆ ಅಕ್ಕಪಕ್ಕದ ಚೌಕ, ಮಳೆ, ರಸ್ತೆ ಇಂಥವನ್ನು ನೋಡಿ ಅಂದಾಜು ಹಾಕಿರುತ್ತಾರೆ. ಅಂದಾಜನ್ನು ಅಂದಾಜು ಅಂತಲೇ ಓದಬೇಕು.

ಇನ್ನೊಂದು ಉಪಾಯ ರಾತ್ರಿಯ ಬೆಳಕು. ಉಪಗ್ರಹದಿಂದ ನೋಡಿದಾಗ ಎಲ್ಲಿ ಬೆಳಕು ಜಾಸ್ತಿ ಇದೆಯೋ ಅಲ್ಲಿ ಸಂಪತ್ತು ಜಾಸ್ತಿ ಅನ್ನುವ ಲೆಕ್ಕ. ಬಯಲುಸೀಮೆಯ ಪಟ್ಟಣಗಳಿಗೆ ಇದು ಹೊಂದಬಹುದು. ನಮ್ಮಲ್ಲಿ ಸಿಲ್ವರ್ ಓಕು, ಹಲಸು, ಬಾಳೆಯ ಕೆಳಗೆ ಮನೆಗಳೇ ಕಾಣುವುದಿಲ್ಲ. ನೂರು ಎಕರೆ ತೋಟದ ಯಜಮಾನರ ಮನೆ ಕತ್ತಲೆಯಲ್ಲಿರುತ್ತದೆ, ಗುಡ್ಡದ ಮೇಲಿನ ರೆಸಾರ್ಟು ಮಿಂಚುತ್ತಿರುತ್ತದೆ. ಕೊಡಗಿನ ಹಳ್ಳಿಗೆ ಈ ಅಳತೆ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ನಾವು ಎರವಲು ಪಡೆಯಬೇಕಾದದ್ದು ಬಾಂಗ್ಲಾದೇಶದ ಮತ್ಲಬ್ ಎಂಬ ಊರಿನಿಂದ. ಅಲ್ಲಿ 1966ರಿಂದ ಕ್ಷೇತ್ರ ಕಾರ್ಯಕರ್ತರು ಮನೆಮನೆಗೆ ಹೋಗಿ ಹುಟ್ಟು, ಸಾವು, ಬಂದವರು, ಹೋದವರು ಎಲ್ಲವನ್ನೂ ಬರೆದಿಡುತ್ತಿದ್ದಾರೆ. ದೊಡ್ಡ ಯಂತ್ರ ಏನೂ ಇಲ್ಲದೆ ಶುರುವಾದ ಕೆಲಸ. ಮತ್ತೆ ಮತ್ತೆ ಅದೇ ಮನೆಗೆ ಹೋಗಿ, ಅದೇ ಪ್ರಶ್ನೆ ಕೇಳಿ, ಅದೇ ರೀತಿ ಬರೆದರು. ನಮ್ಮ ಆಶಾ ಕಾರ್ಯಕರ್ತೆಯರೂ ಅಂಗನವಾಡಿ ಅಕ್ಕಂದಿರೂ ಅರ್ಧ ಕೆಲಸ ಆಗಲೇ ಮಾಡಿಟ್ಟಿದ್ದಾರೆ.

ಹೆಜ್ಜೆ 1: ಮನೆ ಪಟ್ಟಿ ಮಾಡಿ

ಇದು ಬೇಸರದ ಕೆಲಸ. ಆದರೆ ಇಲ್ಲಿ ತಪ್ಪಿದರೆ ಮುಂದಿನದೆಲ್ಲ ದಂಡ.

ಪಂಚಾಯಿತಿಯ ತೆರಿಗೆ ಪಟ್ಟಿ ತೆಗೆದುಕೊಂಡು ಹೊರಟರೆ ಲೈನ್ ಮನೆಗಳು ಬಿಟ್ಟುಹೋಗುವ ಸಾಧ್ಯತೆ ಜಾಸ್ತಿ. ಅವು ತೋಟದ ಆಸ್ತಿಯೊಳಗೆ ಸೇರಿರುತ್ತವೆ. ಮತದಾರರ ಪಟ್ಟಿ ಹಿಡಿದರೆ ಅಸ್ಸಾಂನಿಂದ ಬಂದು ದುಡಿಯುವವರು ಸಿಗುವುದಿಲ್ಲ. ಪೈಸಾರಿ ಜಾಗದಲ್ಲಿ, ಅಂದರೆ ಸರ್ಕಾರಿ ಜಾಗದಲ್ಲಿ, ಗುಡಿಸಲು ಕಟ್ಟಿಕೊಂಡವರು ಯಾವ ಪಟ್ಟಿಯಲ್ಲೂ ಇಲ್ಲದಿರಬಹುದು.

ಹಾಗಾಗಿ ನೀರುಗಂಟಿಯನ್ನು, ಆಶಾ ಅಕ್ಕನನ್ನು, ಪಡಿತರ ಅಂಗಡಿಯವರನ್ನು ಒಟ್ಟಿಗೆ ಕೂರಿಸಿ. ದೊಡ್ಡ ಹಾಳೆಯಲ್ಲಿ ಊರಿನ ದಾರಿಗಳನ್ನು ಬರೆದು ಒಂದೊಂದೇ ತೋಟ, ಒಂದೊಂದೇ ಹಾಡಿ (ಬುಡಕಟ್ಟು ಜನರ ವಸತಿ) ಹೆಸರು ಹೇಳಿಸಿ. ನಂತರ ನಡೆದುಕೊಂಡೇ ಹೋಗಿ ಎಣಿಸಿ. ಒಂದು ಲೈನಿನಲ್ಲಿ ಎಂಟು ಒಲೆ ಉರಿದರೆ ಅದು ಎಂಟು ಮನೆ. ಒಂದು ಮನೆ ಅಂದರೆ ಒಂದು ಒಲೆ, ಈ ನಿಯಮ ಗಟ್ಟಿಯಾಗಿ ಹಿಡಿದುಕೊಳ್ಳಿ.

ಪ್ರತಿ ಮನೆಗೂ ಒಂದು ಗುಂಪಿನ ಗುರುತು ಹಾಕಿ: ಸ್ವಂತ ತೋಟ ಅಥವಾ ಗದ್ದೆ ಇರುವವರು, ಲೈನ್ ಮನೆ, ಹಾಡಿ, ಪೇಟೆ ಮತ್ತು ಕಾಲೊನಿ. ಜಿಲ್ಲೆಯಲ್ಲಿ ಹತ್ತರಲ್ಲಿ ಒಬ್ಬರು ಪರಿಶಿಷ್ಟ ಪಂಗಡದವರು. ಯರವರು, ಜೇನು ಕುರುಬರು, ಬೆಟ್ಟ ಕುರುಬರು, ಕುಡಿಯರು. ಅವರಲ್ಲಿ ಅನೇಕರು ಹಾಡಿಯಲ್ಲಿಲ್ಲ, ಲೈನಿನಲ್ಲೇ ಇದ್ದಾರೆ. ಅದನ್ನೂ ಬೇರೆ ಗೆರೆಯಲ್ಲಿ ಬರೆದುಕೊಳ್ಳಿ.

1,200 ಮನೆ ಇದ್ದರೆ ಎಲ್ಲ ಮನೆಗೂ ಹೋಗಬೇಕಾಗಿಲ್ಲ. ಪಟ್ಟಿಯಲ್ಲಿ ಪ್ರತಿ ಹತ್ತನೇ ಮನೆ ತೆಗೆದುಕೊಂಡರೆ 120 ಆಗುತ್ತದೆ. ಮೊದಲ ಮನೆ ಯಾವುದು ಅಂತ ಒಂದರಿಂದ ಹತ್ತರೊಳಗೆ ಚೀಟಿ ಎತ್ತಿ. ರಸ್ತೆ ಪಕ್ಕದ ಮನೆ, ಪರಿಚಯದ ಮನೆ ಅಂತ ಆರಿಸಬೇಡಿ. ಹಾಡಿಯಲ್ಲಿ ಬರೀ ಮೂವತ್ತು ಮನೆ ಇದ್ದರೆ ಅಲ್ಲಿ ಮೂವತ್ತಕ್ಕೂ ಹೋಗಿ. ಮೂರು ಮನೆ ನೋಡಿ ಹಾಡಿಯ ಬಗ್ಗೆ ಮಾತಾಡುವುದು ಸರಿಯಲ್ಲ. ಆದರೆ ಇಡೀ ಊರಿನ ಅಂಕಿ ಹಾಕುವಾಗ ಆ ಮೂವತ್ತನ್ನು ಮೂವತ್ತಾಗಿಯೇ, ಉಳಿದ ಒಂದೊಂದು ಮನೆಯನ್ನು ಹತ್ತರಂತೆ ಎಣಿಸಬೇಕು. ಇಲ್ಲದಿದ್ದರೆ ಹಾಡಿಯ ತೂಕ ಹೆಚ್ಚಾಗಿಬಿಡುತ್ತದೆ.

ಹೆಜ್ಜೆ 2: ಸಾವಿನ ವಯಸ್ಸು ಬರೆಯಿರಿ

ಸರಾಸರಿ ಆಯಸ್ಸು ಸಣ್ಣ ಊರಿಗೆ ಆಗುವುದಿಲ್ಲ ಅಂದೆನಲ್ಲ, ಅದಕ್ಕೆ ಬದಲು ಒಂದು ಹಳೆಯ, ಸುಂದರವಾದ ಅಳತೆ ಇದೆ. 1957ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯಲ್ಲಿದ್ದ ಭಾರತದ ಸಂಖ್ಯಾಶಾಸ್ತ್ರಜ್ಞ ಸತ್ಯ ಸ್ವರೂಪ್ ಮತ್ತು ಅವರ ಜಪಾನಿ ಸಹೋದ್ಯೋಗಿ ಉಎಮುರ ಇದನ್ನು ಮುಂದಿಟ್ಟರು. ಒಂದೇ ಪ್ರಶ್ನೆ: ಸತ್ತ ನೂರು ಜನರಲ್ಲಿ 50 ವರ್ಷ ದಾಟಿ ಸತ್ತವರೆಷ್ಟು? ಜನರ ಆರೋಗ್ಯ ಚೆನ್ನಾಗಿದ್ದರೆ ಈ ಪಾಲು ಮೇಲೆ ಹೋಗುತ್ತದೆ. ಊರಿನ ಒಟ್ಟು ಜನಸಂಖ್ಯೆ ಗೊತ್ತಿಲ್ಲದಿದ್ದರೂ ನಡೆಯುತ್ತದೆ, ಸತ್ತವರ ವಯಸ್ಸು ಗೊತ್ತಿದ್ದರೆ ಸಾಕು. ಬ್ರೆಜಿಲ್‌ನಲ್ಲಿ ಇದನ್ನು ಬಹಳ ಬಳಸಿದ್ದಾರೆ. ನಮ್ಮವರೇ ಕೊಟ್ಟ ಅಳತೆ ನಮ್ಮ ಪಂಚಾಯಿತಿಗಳಲ್ಲಿ ಕಾಣುವುದಿಲ್ಲ ಅನ್ನುವುದು ನನಗೆ ತುಂಬಾ ಬೇಸರದ ವಿಷಯ.

ಐದು ವರ್ಷದ ಸಾವುಗಳನ್ನು ಒಟ್ಟಿಗೆ ತೆಗೆದುಕೊಳ್ಳಿ. ಒಂದು ಊರಿನಲ್ಲಿ 160 ಸಾವು ಆಗಿದೆ, 112 ಮಂದಿ ಐವತ್ತು ದಾಟಿದವರು ಅಂದುಕೊಳ್ಳಿ. ಶೇ 70. ಪರವಾಗಿಲ್ಲ ಅನ್ನಿಸುತ್ತದೆ. ಈಗ ಗುಂಪು ಬೇರೆ ಮಾಡಿ. ಲೈನ್ ಮತ್ತು ಹಾಡಿಯ 40 ಸಾವಿನಲ್ಲಿ 18 ಮಂದಿ ಮಾತ್ರ ಐವತ್ತು ದಾಟಿದ್ದರೆ ಅದು ಶೇ 45. ಉಳಿದವರ 120ರಲ್ಲಿ 94 ಅಂದರೆ ಶೇ 78. ಒಂದೇ ಊರಿನಲ್ಲಿ ಎರಡು ಊರು ಕಾಣಿಸಿತು.

ಇಲ್ಲಿ ಮೂರು ಎಚ್ಚರಿಕೆ ಹೇಳಲೇಬೇಕು.

ಸಾವು ಎಲ್ಲಿ ಆಯಿತೋ ಅಲ್ಲಿ ನೋಂದಣಿ ಆಗುತ್ತದೆ. ಮೈಸೂರಿನ ಅಥವಾ ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡವರು ನಿಮ್ಮ ಊರಿನ ಪುಸ್ತಕದಲ್ಲಿ ಇರುವುದಿಲ್ಲ. ನಮ್ಮಲ್ಲಿ ಕಾಯಿಲೆ ಜೋರಾದರೆ ಗುಡ್ಡ ಇಳಿದು ಹೋಗುವವರೇ ಹೆಚ್ಚು. ಹಾಗಾಗಿ ಮನೆಯಲ್ಲೇ ಕೇಳಬೇಕು.

ಎರಡನೆಯದು, ವಯಸ್ಸು. ಅಜ್ಜಿಗೆ ಎಷ್ಟಾಗಿತ್ತು ಅಂದರೆ ‘ತುಂಬಾ ಆಗಿತ್ತು’ ಅನ್ನುತ್ತಾರೆ. ಆಗ ಊರಿನ ನೆನಪು ಹಿಡಿದು ಕೇಳಿ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದಾಗ, ಅಂದರೆ 1956ರಲ್ಲಿ, ಅವರಿಗೆ ಮದುವೆ ಆಗಿತ್ತಾ? ಹಾರಂಗಿ ಅಣೆಕಟ್ಟು ಕಟ್ಟುವಾಗ ದೊಡ್ಡ ಮಗ ಎಷ್ಟು ದೊಡ್ಡವನಿದ್ದ? ಸತ್ತದ್ದು 2018ರ ಭೂಕುಸಿತಕ್ಕೆ ಮೊದಲೋ ಆಮೇಲೋ? ಪುತ್ತರಿ (ಸುಗ್ಗಿ ಹಬ್ಬ) ಆದ ಮೇಲಾ, ಕಕ್ಕಡ ತಿಂಗಳ ಜೋರು ಮಳೆಯಲ್ಲಾ? ಹೀಗೆ ಕೇಳಿದರೆ ವರ್ಷ ಮಾತ್ರ ಅಲ್ಲ, ತಿಂಗಳೂ ಸಿಗುತ್ತದೆ.

ಮೂರನೆಯದು, ಹೊರಗಿನಿಂದ ಬಂದ ಕಾರ್ಮಿಕರು ವಯಸ್ಸಾದ ಮೇಲೆ ಊರಿಗೆ ಹಿಂತಿರುಗುತ್ತಾರೆ. ಇಲ್ಲಿ ವಯಸ್ಸಾದವರೇ ಇಲ್ಲದಿದ್ದರೆ ಐವತ್ತು ದಾಟಿದ ಸಾವೂ ಕಡಿಮೆಯೇ ಇರುತ್ತದೆ. ಅದನ್ನು ಕಾಯಿಲೆ ಅಂತ ಓದಬಾರದು. ಅವರದು ಬೇರೆ ಗೆರೆಯಲ್ಲಿರಲಿ.

ಶಿಶು ಮರಣದ ಬಗ್ಗೆ ಒಂದು ಮಾತು. ಅದನ್ನು ಸಾವಿರ ಜನನಕ್ಕೆ ಇಷ್ಟು ಅಂತ ಹೇಳುತ್ತಾರೆ. 2020ರ ಮಾದರಿ ನೋಂದಣಿ ಲೆಕ್ಕದಲ್ಲಿ ಕರ್ನಾಟಕಕ್ಕೆ 19, ಭಾರತಕ್ಕೆ 28 ಇತ್ತು. ನಿಮ್ಮ ಊರಿನಲ್ಲಿ ವರ್ಷಕ್ಕೆ 75 ಮಕ್ಕಳು ಹುಟ್ಟಿದರೆ ಒಂದು ಮಗು ತೀರಿಕೊಂಡರೆ ದರ 13, ಎರಡು ಆದರೆ 27. ಒಂದು ಸಾವಿನಿಂದ ರಾಜ್ಯಕ್ಕಿಂತ ಉತ್ತಮ, ಎರಡರಿಂದ ಕೆಟ್ಟದ್ದು. ಇಂಥ ದರ ಹಾಕಲೇಬೇಡಿ. ಪ್ರತಿ ಮಗುವಿನ ಸಾವಿನ ಕಥೆ ಬರೆಯಿರಿ. ಜ್ವರ ಯಾವಾಗ ಬಂತು, ಯಾವಾಗ ಹೊರಟರು, ಜೀಪು ಸಿಕ್ಕಿತಾ, ಎಲ್ಲಿ ತಡವಾಯಿತು. ಅಲ್ಲಿ ಸಿಗುವ ಉತ್ತರ ಯಾವ ದರಕ್ಕಿಂತಲೂ ಹೆಚ್ಚು ಕೆಲಸಕ್ಕೆ ಬರುತ್ತದೆ.

ಹೆಜ್ಜೆ 3: ಮಕ್ಕಳ ಎತ್ತರ

ಒಂದೇ ಒಂದು ಅಳತೆ ಮಾಡಲು ಸಮಯ ಇದೆ ಅಂದರೆ ನಾನು ಇದನ್ನೇ ಮಾಡುತ್ತೇನೆ. ತೂಕ ಒಂದು ವಾರದ ಜ್ವರಕ್ಕೆ ಇಳಿಯುತ್ತದೆ, ಮತ್ತೆ ಏರುತ್ತದೆ. ಎತ್ತರ ಹಾಗಲ್ಲ. ತಾಯಿಯ ಹೊಟ್ಟೆಯಲ್ಲಿದ್ದಾಗಿನಿಂದ ಮಗು ಏನು ತಿಂದಿತು, ಎಷ್ಟು ಸಲ ಭೇದಿ ಆಯಿತು, ಎಂಥ ನೀರು ಕುಡಿಯಿತು, ಎಲ್ಲವೂ ಅದರಲ್ಲಿ ಉಳಿದಿರುತ್ತದೆ. ಆರೋಗ್ಯವೂ ಮನೆಯ ಸಂಪಾದನೆಯೂ ಒಟ್ಟಿಗೆ ಕಾಣುವ ಜಾಗ ಅದು.

ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಬೆಳವಣಿಗೆಯ ಮಾನದಂಡ ಕೊಟ್ಟಿತು. ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕದ ಮಕ್ಕಳನ್ನು ಅಳೆದು ಮಾಡಿದ್ದು. ಚೆನ್ನಾಗಿ ನೋಡಿಕೊಂಡರೆ ಐದು ವರ್ಷದವರೆಗೆ ಎಲ್ಲ ದೇಶದ ಮಕ್ಕಳೂ ಹೆಚ್ಚುಕಡಿಮೆ ಒಂದೇ ರೀತಿ ಬೆಳೆಯುತ್ತಾರೆ ಅಂತ ಅದರಿಂದ ಗೊತ್ತಾಯಿತು. ‘ನಮ್ಮ ಹಾಡಿಯವರು ಗಿಡ್ಡ ಜನ’ ಅನ್ನುವ ಮಾತನ್ನು ಯಾರಾದರೂ ಹೇಳಿದರೆ ಇದನ್ನು ನೆನಪಿಸಿ.

ಐದು ವರ್ಷ ತುಂಬಿದ ಮಗು ಸಾಮಾನ್ಯವಾಗಿ 110 ಸೆಂ.ಮೀ. ಆಸುಪಾಸು ಇರುತ್ತದೆ. ಗಂಡು ಮಗು 100.7 ಸೆಂ.ಮೀ.ಗಿಂತ, ಹೆಣ್ಣು ಮಗು 99.9 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಬೆಳವಣಿಗೆ ಕುಂಠಿತವಾಗಿದೆ ಅಂತ ಅರ್ಥ. ಎರಡು ವರ್ಷಕ್ಕೆ ಆ ಗೆರೆ ಗಂಡಿಗೆ 81, ಹೆಣ್ಣಿಗೆ 79.3. ಬೇರೆ ವಯಸ್ಸಿನ ಗೆರೆಗಳು ಅಂಗನವಾಡಿಯ ಬೆಳವಣಿಗೆ ಪಟ್ಟಿಯಲ್ಲಿವೆ.

ನಾವು ಮೊದಲ ಸಲ ಅಳೆದದ್ದು ಒಂದು ಲೈನ್ ಮನೆಯ ಜಗಲಿಯಲ್ಲಿ. ನೆಲ ಇಳಿಜಾರಾಗಿತ್ತು, ನಾವು ನೋಡಿಕೊಳ್ಳಲಿಲ್ಲ. ಒಂದು ಹುಡುಗಿಯನ್ನು ಎರಡು ಸಲ ಅಳೆದಾಗ ಎರಡು ಸೆಂ.ಮೀ. ವ್ಯತ್ಯಾಸ ಬಂದಾಗಲೇ ಗೊತ್ತಾದದ್ದು. ಅಲ್ಲಿವರೆಗೆ ಬರೆದದ್ದೆಲ್ಲ ಹೊಡೆದುಹಾಕಿ ಮತ್ತೆ ಶುರು ಮಾಡಿದೆವು. ಹಾಗಾಗಿ ಹೇಳುತ್ತೇನೆ, ಅಂಗನವಾಡಿಯ ಎತ್ತರ ಮಾಪಕವನ್ನೇ ಬಳಸಿ, ಸಮತಟ್ಟು ನೆಲ ನೋಡಿ, ಚಪ್ಪಲಿ ತೆಗೆಸಿ, ಹೆಣ್ಣುಮಕ್ಕಳ ಜುಟ್ಟು ಬಿಚ್ಚಿಸಿ. ಇಬ್ಬರು ಬೇರೆ ಬೇರೆಯಾಗಿ ಅಳೆಯಿರಿ. ಅರ್ಧ ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರನೇ ಸಲ. ಎರಡು ವರ್ಷದ ಒಳಗಿನವರನ್ನು ಮಲಗಿಸಿ ಅಳೆಯಬೇಕು. ಹುಟ್ಟಿದ ದಿನ ತಾಯಿ ಕಾರ್ಡಿನಿಂದಲೇ ಬರೆಯಿರಿ. ಎರಡು ತಿಂಗಳು ತಪ್ಪಾದರೆ ಕುಂಠಿತ ಮಗು ಸರಿಯಾಗಿ ಕಾಣುತ್ತದೆ, ಸರಿಯಿರುವ ಮಗು ಕುಂಠಿತವಾಗುತ್ತದೆ.

ರಕ್ತ ಪರೀಕ್ಷೆಗೆ ನೀವು ಕೈ ಹಾಕಬೇಡಿ. ಗರ್ಭಿಣಿಯರ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಆ ಲೆಕ್ಕ ಆರೋಗ್ಯ ಕೇಂದ್ರದಲ್ಲಿ ಇರುತ್ತದೆ, ಹೆಸರಿಲ್ಲದೆ ಒಟ್ಟು ಸಂಖ್ಯೆ ಕೇಳಿ. ಬುಡಕಟ್ಟು ಜನರಲ್ಲಿ ತಂದೆತಾಯಿಯಿಂದ ಮಕ್ಕಳಿಗೆ ಬರುವ ಕುಡಗೋಲು ಕಣ (ಸಿಕಲ್ ಸೆಲ್) ರಕ್ತಹೀನತೆಯೂ ಇದೆ. ಅದರ ನಿವಾರಣೆಗೆ 2023ರ ಜುಲೈನಲ್ಲಿ ರಾಷ್ಟ್ರೀಯ ಅಭಿಯಾನ ಶುರುವಾಯಿತು. ಯಾರಿಗೆ ಈ ಕಾಯಿಲೆ ಇದೆ ಅನ್ನುವುದು ನಿಮ್ಮ ನೋಟ್‌ಬುಕ್ಕಿನಲ್ಲಿ ಬರಲೇಬಾರದು. ಮದುವೆ ಮಾತುಕತೆಗಳು ಮುರಿದುಹೋಗುತ್ತವೆ.

ಹೆಜ್ಜೆ 4: ಆಸ್ಪತ್ರೆಯ ದೂರವನ್ನು ಮಳೆಗಾಲದಲ್ಲಿ ಅಳೆಯಿರಿ

ಕಿಲೋಮೀಟರು ಬೇಡ, ನಿಮಿಷ ಬರೆಯಿರಿ. ಜನವರಿಯಲ್ಲಿ ಇಪ್ಪತ್ತು ನಿಮಿಷ ಇದ್ದದ್ದು ಜುಲೈನಲ್ಲಿ ಒಂದೂವರೆ ಗಂಟೆ ಆಗಬಹುದು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ದಾರಿಯೇ ಇರಲಿಲ್ಲ. ಆನೆ ದಾರಿಯಲ್ಲಿ ನಿಂತಿದ್ದರಿಂದ ರಾತ್ರಿ ಹೊರಡಲಾಗಲಿಲ್ಲ ಅನ್ನುವವರೂ ಸಿಗುತ್ತಾರೆ, ಅದನ್ನೂ ಬರೆಯಿರಿ. ರಾತ್ರಿ ಎಂಟು ಗಂಟೆಯ ಮೇಲೆ ವಾಹನ ಸಿಗುತ್ತದಾ, ಫೋನಿಗೆ ಸಿಗ್ನಲ್ ಎಲ್ಲಿವರೆಗೆ ನಡೆದರೆ ಬರುತ್ತದೆ, ಈ ಎರಡು ಪ್ರಶ್ನೆ ಸೇರಿಸಿ.

ಹೆಜ್ಜೆ 5: ಸಂಪಾದನೆ

‘ತಿಂಗಳಿಗೆ ಎಷ್ಟು ಬರುತ್ತದೆ?’ ಅಂತ ಕೇಳಿದರೆ ನಿಜ ಉತ್ತರ ಸಿಗುವುದಿಲ್ಲ. ಸುಳ್ಳು ಹೇಳುತ್ತಾರೆ ಅಂತಲ್ಲ. ಯಾರಿಗೂ ತಿಂಗಳ ಲೆಕ್ಕವೇ ಇಲ್ಲ. ಕಾಫಿ ಕೊಯ್ಲಿನಲ್ಲಿ ಕೈತುಂಬಾ ಕೆಲಸ, ಕಕ್ಕಡದಲ್ಲಿ ಮಳೆ ಹಿಡಿದರೆ ವಾರಗಟ್ಟಲೆ ಒಲೆ ಮುಂದೆ ಕೂರುವುದು. ಹಾಗಾಗಿ ವರ್ಷಕ್ಕೆ ಎರಡು ಸಲ ಕೇಳಬೇಕು, ಫೆಬ್ರವರಿಯಲ್ಲಿ ಒಮ್ಮೆ, ಆಗಸ್ಟಿನಲ್ಲಿ ಒಮ್ಮೆ. ಒಂದು ಸಲ ಮಾತ್ರ ಆಗುವುದಾದರೆ ಆಗಸ್ಟ್ ಆರಿಸಿ. ಬಡತನ ಮಳೆಗಾಲದಲ್ಲಿ ಕಾಣುತ್ತದೆ.

ಕೂಲಿ ಮಾಡುವ ಮನೆಯಲ್ಲಿ ಹೀಗೆ ಕೇಳಿ: ‘ಅಕ್ಕ, ಹೋದ ವಾರ ಎಷ್ಟು ದಿನ ಕೆಲಸ ಸಿಕ್ತು? ಅಣ್ಣನಿಗೆ ಎಷ್ಟು ದಿನ? ದಿನಕ್ಕೆ ಎಷ್ಟು ಕೊಟ್ರು? ಅಡ್ವಾನ್ಸಿಗೆ ಎಷ್ಟು ಹಿಡಿದುಕೊಂಡ್ರು?’ ಏಳು ದಿನದ ನೆನಪು ಗಟ್ಟಿ ಇರುತ್ತದೆ. ಯರವ ಭಾಷೆ, ಮಲಯಾಳ, ಹಿಂದಿ ಬಲ್ಲವರೊಬ್ಬರು ಜೊತೆಗಿದ್ದರೆ ಉತ್ತರ ಬೇರೆಯೇ ಬರುತ್ತದೆ. ಸಂಜೆ ಹೋಗಿ. ತೋಟದ ರೈಟರ್ (ಲೆಕ್ಕ ಬರೆಯುವವರು) ಅಥವಾ ಮೇಸ್ತ್ರಿ ಪಕ್ಕದಲ್ಲಿ ನಿಂತಿದ್ದರೆ ಅಡ್ವಾನ್ಸಿನ ಪ್ರಶ್ನೆ ಕೇಳಲೇಬೇಡಿ, ಇನ್ನೊಂದು ದಿನ ಬನ್ನಿ.

ಕೂಲಿ ಏರಿತು ಅಂದ ಮಾತ್ರಕ್ಕೆ ಬದುಕು ಏರಿತು ಅಂತಲ್ಲ. ಅದಕ್ಕೆ ಒಂದು ಬುಟ್ಟಿ ಮಾಡಿಕೊಳ್ಳಿ: ಒಂದು ಲೀಟರ್ ಅಡುಗೆ ಎಣ್ಣೆ, ಒಂದು ಕೆ.ಜಿ. ತೊಗರಿಬೇಳೆ, ಹನ್ನೆರಡು ಮೊಟ್ಟೆ, ಎರಡು ಕೆ.ಜಿ. ತರಕಾರಿ, ಒಂದು ಕೆ.ಜಿ. ಒಣಮೀನು ಅಥವಾ ಕೋಳಿ. ಅಕ್ಕಿ ಸೇರಿಸಬೇಡಿ, ಪಡಿತರದಲ್ಲಿ ಬರುತ್ತದೆ. ಸಂತೆ ದಿನ ಬೆಲೆ ಬರೆದುಕೊಳ್ಳಿ. ಬುಟ್ಟಿಗೆ 750 ರೂಪಾಯಿ ಆಯಿತು, ದಿನಗೂಲಿ 500 ಅಂದುಕೊಳ್ಳಿ. ಬುಟ್ಟಿ ತುಂಬಲು ಒಂದೂವರೆ ದಿನದ ದುಡಿಮೆ ಬೇಕು. ಎರಡು ವರ್ಷದ ನಂತರ ಕೂಲಿ 550 ಆಗಿ, ಬುಟ್ಟಿ 880 ಆದರೆ? 1.6 ದಿನ. ಕೂಲಿ ಐವತ್ತು ರೂಪಾಯಿ ಏರಿದರೂ ಆ ಮನೆ ಹಿಂದಕ್ಕೆ ಹೋಗಿದೆ. ಗ್ರಾಮಸಭೆಯಲ್ಲಿ ಇದನ್ನು ಹೇಳಿದರೆ ಎಲ್ಲರಿಗೂ ಅರ್ಥ ಆಗುತ್ತದೆ.

ಸಣ್ಣ ಬೆಳೆಗಾರರ ಲೆಕ್ಕ ಬೇರೆ. ಒಂದು ವರ್ಷ ಗಿಡ ತುಂಬಿದರೆ ಮುಂದಿನ ವರ್ಷ ಇಳುವರಿ ಇಳಿಯುವುದು ನಮಗೆಲ್ಲ ಗೊತ್ತು. ಅದಕ್ಕೇ ಮೂರು ವರ್ಷದ ಸರಾಸರಿ ಬೇಕು. ಎಷ್ಟು ಚೀಲ, ಯಾವ ಬೆಲೆಗೆ ಹೋಯಿತು, ಗೊಬ್ಬರ, ಕೂಲಿ, ಸ್ಪ್ರಿಂಕ್ಲರಿನ ಡೀಸೆಲ್ ಎಷ್ಟು ತಿಂದಿತು, ಆನೆ ತುಳಿದದ್ದೆಷ್ಟು. ಚೀಲದ ಸಂಖ್ಯೆಯನ್ನೂ ಬೆಲೆಯನ್ನೂ ಬೇರೆ ಬೇರೆ ಬರೆಯಿರಿ. ರೊಬಸ್ಟಾ ಬೆಲೆ ನಿರ್ಧಾರ ಆಗುವುದು ಲಂಡನ್ ಮಾರುಕಟ್ಟೆಯಲ್ಲಿ, ಅರೇಬಿಕಾದ್ದು ನ್ಯೂಯಾರ್ಕ್‌ನಲ್ಲಿ. 2024ರಲ್ಲಿ ವಿಯೆಟ್ನಾಂ, ಬ್ರೆಜಿಲ್‌ನಲ್ಲಿ ಬರ ಬಂದು ಬೆಲೆ ಹಿಂದೆಂದೂ ಇಲ್ಲದಷ್ಟು ಏರಿತು. ಆ ವರ್ಷ ಕೊಡಗಿನ ಆದಾಯ ಏರಿದ್ದು ನಿಜ. ಅದು ಇಲ್ಲಿ ಯಾರ ಮನೆಗೆ ಬಂತು, ಬೆಂಗಳೂರಿನಲ್ಲಿರುವ ಯಜಮಾನರಿಗೆ ಎಷ್ಟು ಹೋಯಿತು ಅನ್ನುವುದನ್ನು ಜಿಲ್ಲೆಯ ಒಟ್ಟು ಉತ್ಪನ್ನದ ಅಂಕಿ ಹೇಳುವುದಿಲ್ಲ. ಅದು ಜಿಲ್ಲೆಯಲ್ಲಿ ಏನು ಬೆಳೆಯಿತು ಅಂತ ಎಣಿಸುತ್ತದೆ, ಜಿಲ್ಲೆಯ ಜನರ ಕೈಗೆ ಏನು ಸಿಕ್ಕಿತು ಅಂತಲ್ಲ.

ಎಲ್ಲ ಮನೆಯಲ್ಲೂ ಕೇಳಬೇಕಾದ ಕೊನೆಯ ಪ್ರಶ್ನೆ: ಹೋದ ವರ್ಷ ಕಾಯಿಲೆಗೆ ಸಾಲ ಮಾಡಿದಿರಾ, ಒಡವೆ ಅಡವಿಟ್ಟಿರಾ? ಆರೋಗ್ಯವೂ ಹಣವೂ ಸೇರಿ ಮನೆ ಮುರಿಯುವುದು ಇಲ್ಲೇ.

ಹೆಜ್ಜೆ 6: ಎಲ್ಲ ಸೇರಿಸಿ ಒಂದು ಲೆಕ್ಕ

ಬಹು ಆಯಾಮದ ಬಡತನ ಸೂಚ್ಯಂಕ ಅಂತ ಒಂದಿದೆ. 2010ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ವಿಶ್ವಸಂಸ್ಥೆಯ ಜೊತೆ ಸೇರಿ ತಂದದ್ದು. ನಮ್ಮ ನೀತಿ ಆಯೋಗವೂ 2021ರಿಂದ ಇದನ್ನು ಬಳಸುತ್ತಿದೆ, ಅದಕ್ಕೆ ತಾಯಿಯ ಆರೈಕೆ ಮತ್ತು ಬ್ಯಾಂಕ್ ಖಾತೆ ಸೇರಿಸಿಕೊಂಡಿದೆ. ಮೂಲ ಲೆಕ್ಕದಲ್ಲಿ ಹತ್ತು ಪ್ರಶ್ನೆ. ಹದಿನೆಂಟು ಅಂಕದ ಪರೀಕ್ಷೆ ಅಂದುಕೊಳ್ಳಿ, ಆದರೆ ಇಲ್ಲಿ ಕೊರತೆಗೆ ಅಂಕ. ಮನೆಯಲ್ಲಿ ಅಪೌಷ್ಟಿಕತೆ ಇದ್ದರೆ 3, ಮಗು ತೀರಿಕೊಂಡಿದ್ದರೆ 3. ಮನೆಯಲ್ಲಿ ಯಾರೂ ಆರು ವರ್ಷ ಓದಿಲ್ಲದಿದ್ದರೆ 3, ಮಗು ಶಾಲೆಗೆ ಹೋಗದಿದ್ದರೆ 3. ಉಳಿದ ಆರಕ್ಕೆ ಒಂದೊಂದು: ಅಡುಗೆಯ ಉರುವಲು, ಶೌಚಾಲಯ, ಕುಡಿಯುವ ನೀರು, ಕರೆಂಟು, ಮನೆಯ ಗೋಡೆ-ನೆಲ-ಸೂರು, ಮನೆಯ ಸಾಮಾನು. ಆರು ಅಂಕ ಮುಟ್ಟಿದರೆ, ಅಂದರೆ ಮೂರನೇ ಒಂದು ಭಾಗ, ಆ ಮನೆ ಬಡ ಮನೆ.

ಒಂದು ಲೈನ್ ಮನೆ ತೆಗೆದುಕೊಳ್ಳಿ. ಮಗು ಕುಂಠಿತ, 3. ಸೌದೆ ಒಲೆ, 1. ಶೌಚಾಲಯ ಬೇರೆಯವರ ಜೊತೆ ಹಂಚಿಕೊಳ್ಳುವುದು, 1. ತೋಡಿನ (ಹಳ್ಳದ) ನೀರು, 1. ಒಂದು ಫೋನು ಬಿಟ್ಟರೆ ಸಾಮಾನಿಲ್ಲ, 1. ಒಟ್ಟು 7. ಕೂಲಿ ದಿನಕ್ಕೆ 500 ಬಂದರೂ ಈ ಲೆಕ್ಕದಲ್ಲಿ ಅದು ಬಡ ಮನೆ. ಜೊತೆಗೆ ಯಾಕೆ ಬಡ ಅನ್ನುವುದೂ ಗೊತ್ತಾಯಿತು. ನಲ್ಲಿ ಮತ್ತು ಶೌಚಾಲಯ ಕೊಟ್ಟರೆ ಎರಡು ಅಂಕ ಇಳಿದು 5ಕ್ಕೆ ಬರುತ್ತದೆ, ಗೆರೆ ದಾಟುತ್ತದೆ. ಎರಡೂ ಪಂಚಾಯಿತಿಯ ಕೈಯಲ್ಲೇ ಇರುವ ಕೆಲಸ.

ಆಮೇಲೆ ನೂರು ಜನರಲ್ಲಿ ಎಷ್ಟು ಮಂದಿ ಬಡ ಮನೆಯಲ್ಲಿದ್ದಾರೆ ಮತ್ತು ಅವರ ಸರಾಸರಿ ಅಂಕ ಎಷ್ಟು, ಎರಡನ್ನೂ ಬರೆಯಿರಿ. ಇದನ್ನು ಗುಂಪಿನ ಪ್ರಕಾರ ಬೇರೆ ಮಾಡಿ ತೋರಿಸಿ.

ಹೆಜ್ಜೆ 7: ಅಂಕಿ ಓದುವಾಗ

120 ಮನೆ ನೋಡಿ ಶೇ 30 ಅಂತ ಬಂದರೆ ನಿಜವಾದ ಸಂಖ್ಯೆ ಸುಮಾರು 22ರಿಂದ 38ರೊಳಗೆ ಎಲ್ಲಾದರೂ ಇರಬಹುದು. ಮುಂದಿನ ಸಲ 27 ಬಂದರೆ ಸುಧಾರಿಸಿದೆ ಅಂತ ಹೇಳಬೇಡಿ. 15 ಬಂದರೆ ಹೇಳಿ. ಹಾಡಿಯ ಎಲ್ಲ ಮನೆಗೂ ಹೋಗಿದ್ದರೆ ಈ ಅನುಮಾನ ಅಲ್ಲಿಗೆ ಇಲ್ಲ.

ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ 2025ರ ಏಪ್ರಿಲ್‌ನಲ್ಲಿ ಪಂಚಾಯಿತಿ ಪ್ರಗತಿ ಸೂಚ್ಯಂಕ ಪ್ರಕಟಿಸಿದೆ, 2022–23ರ ಮಾಹಿತಿಯ ಮೇಲೆ. ಒಂಬತ್ತು ವಿಷಯದಲ್ಲಿ ಅಂಕ ಇರುತ್ತದೆ. ನಿಮ್ಮ ಪಂಚಾಯಿತಿಯದನ್ನು ತೆಗೆದು ನಿಮ್ಮ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ. ಎರಡೂ ಹೊಂದದ ಜಾಗದಲ್ಲಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಜೊತೆ ಕೂತು ಮಾತಾಡಿ. ಜಗಳಕ್ಕೆ ಹೋಗಬೇಡಿ, ತಪ್ಪು ನಿಮ್ಮದೂ ಇರಬಹುದು.

ಹೆಜ್ಜೆ 8: ಮನೆಯವರಿಗೆ ಹಿಂದಿರುಗಿಸಿ

ಒಳಗೆ ಹೋಗುವ ಮೊದಲೇ ಯಾಕೆ ಕೇಳುತ್ತಿದ್ದೀರಿ ಅಂತ ಹೇಳಿ. ಇದರಿಂದ ಮನೆ ಸಿಗುತ್ತದೆ, ಕಾರ್ಡು ಸಿಗುತ್ತದೆ ಅಂತ ಆಸೆ ಹುಟ್ಟಿಸಬೇಡಿ. ಬೇಡ ಅಂದರೆ ಬೇಡ, ಮುಂದಿನ ಮನೆಗೆ ನಡೆಯಿರಿ. ಚೀಟಿಯಲ್ಲಿ ಹೆಸರು ಬೇಡ, ಮನೆಯ ಸಂಖ್ಯೆ ಸಾಕು. ಹೆಸರು-ಸಂಖ್ಯೆಯ ಪಟ್ಟಿ ಒಬ್ಬರ ಬೀರುವಿನಲ್ಲಿರಲಿ. ಹತ್ತು ಮನೆಗಿಂತ ಕಡಿಮೆ ಇರುವ ಗುಂಪಿನ ಅಂಕಿ ಹೊರಗೆ ಹೇಳಬಾರದು, ಸಣ್ಣ ಊರಿನಲ್ಲಿ ಯಾರ ಮಾತು ಅಂತ ತಕ್ಷಣ ಗೊತ್ತಾಗುತ್ತದೆ. ಕುಂಠಿತ ಮಗು ಸಿಕ್ಕರೆ ವರದಿ ಮುಗಿಯುವ ತನಕ ಕಾಯಬೇಡಿ. ಅಂದೇ ಅಂಗನವಾಡಿ ಅಕ್ಕನಿಗೆ ತಿಳಿಸಿ.

ಪಂಚಾಯಿತಿಯ ಅಭಿವೃದ್ಧಿ ಯೋಜನೆಗೆ ಜನರ ಯೋಜನೆ ಅಭಿಯಾನ ಅಕ್ಟೋಬರ್ 2ರ ಹೊತ್ತಿಗೆ ಶುರುವಾಗುತ್ತದೆ. ಆಗಸ್ಟಿನಲ್ಲಿ ಅಳೆದು ಸೆಪ್ಟೆಂಬರಿನಲ್ಲಿ ಲೆಕ್ಕ ಮುಗಿಸಿದರೆ ಸರಿಯಾಗಿ ಸೇರುತ್ತದೆ. ಮೊದಲು ಲೈನಿಗೂ ಹಾಡಿಗೂ ಹೋಗಿ ಅಲ್ಲಿಯವರಿಗೇ ಓದಿ ಹೇಳಿ, ತಪ್ಪಿದ್ದರೆ ಅವರೇ ತಿದ್ದುತ್ತಾರೆ. ಆಮೇಲೆ ವಾರ್ಡ್ ಸಭೆ, ನಂತರ ಗ್ರಾಮಸಭೆ. ಒಂದೇ ಹಾಳೆ, ನಾಲ್ಕು ಗೆರೆ: ಐವತ್ತು ದಾಟಿದ ಸಾವಿನ ಪಾಲು, ಕುಂಠಿತ ಮಕ್ಕಳು, ಬುಟ್ಟಿಗೆ ಬೇಕಾದ ದಿನ, ಬಡ ಮನೆಗಳು. ಪ್ರತಿ ಗೆರೆಯಲ್ಲೂ ಎಲ್ಲ ಗುಂಪುಗಳ ಸಂಖ್ಯೆ ಅಕ್ಕಪಕ್ಕದಲ್ಲಿರಲಿ. ಗ್ರಾಮಸಭೆಗೆ ಲೈನ್ ಮನೆಯವರು ಬರುವ ಹಾಗೆ ರಜಾ ದಿನ ನೋಡಿ, ಇಲ್ಲದಿದ್ದರೆ ಅರ್ಧ ದಿನದ ಕೂಲಿ ಕಳೆದುಕೊಂಡು ಯಾರು ಬರುತ್ತಾರೆ?

ಪ್ರಶ್ನೆಯ ಹಾಳೆ, ಮನೆ ಪಟ್ಟಿ, ಬುಟ್ಟಿಯ ಬೆಲೆ ಬರೆದ ಚೀಟಿ ಮೂರನ್ನೂ ಶಾಲೆಯಲ್ಲೋ ಪಂಚಾಯಿತಿ ಗ್ರಂಥಾಲಯದಲ್ಲೋ ಇಡಿ. ಮುಂದಿನ ಆಗಸ್ಟಿನಲ್ಲಿ ಬರುವವರು ಬೇರೆಯವರಾಗಿದ್ದರೂ ಅದೇ ಪ್ರಶ್ನೆ, ಅದೇ ಬುಟ್ಟಿ ಹಿಡಿದು ಹೊರಡಬಹುದು.